ಅಪ್ಪನಿಗೆ 79, ಕಿವಿ ಮುಂದಿನ ಗಂಟು ಕ್ಯಾನ್ಸರ್ ಅಂತಿದ್ದಾರೆ. ಈ ವಯಸ್ಸಲ್ಲಿ ಆಪರೇಷನ್ ಮಾಡಿಸಬಹುದಾ?

ತೆಂಗಿನಸೀಮೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಅಪ್ಪನ ಬಲಗಿವಿಯ ಮುಂದೆ, ದವಡೆ ತಿರುಗುವ ಜಾಗದಲ್ಲಿ, ಬಹಳ ವರ್ಷದಿಂದ ಅಡಿಕೆ ಗಾತ್ರದ ಗಂಟಿತ್ತು. ನೋವಿರಲಿಲ್ಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈ ದೀಪಾವಳಿ ಕಳೆದ ಮೇಲೆ ಅದು ದಿಢೀರನೆ ಬೆಳೆಯಿತು. ಈಗ ಬಾಯಿ ಒಂದು ಕಡೆ ಸೊಟ್ಟ ಆಗಿದೆ. ಕಾಫಿ ಕುಡಿದರೆ ಬಲಗಡೆ ತುಟಿಯಿಂದ ಸೋರುತ್ತದೆ. ಊರಲ್ಲಿ ಲಕ್ವ ಅಂದುಕೊಂಡು ನಾಟಿ ಔಷಧಿ ಕೊಡಿಸಿದ್ದರು. ಆಮೇಲೆ ತುಮಕೂರಿಗೆ ಕರೆದುಕೊಂಡು ಹೋದೆವು. ಸೂಜಿ ಟೆಸ್ಟ್ ಮಾಡಿದರು, ಎಫ್‌ಎನ್‌ಎಸಿ ಅಂತ. ಹೈ ಗ್ರೇಡ್ ಕಾರ್ಸಿನೋಮ, ಅಂದರೆ ಜೋರಾಗಿ ಬೆಳೆಯುವ ಕ್ಯಾನ್ಸರ್, ಅಂತ ರಿಪೋರ್ಟ್ ಬಂತು. ಎಂಆರ್‌ಐಯಲ್ಲಿ ಕತ್ತಲ್ಲೂ ಎರಡು ಚಿಕ್ಕ ಗಂಟು ಕಂಡಿವೆ. ಎದೆ ಸ್ಕ್ಯಾನ್ ಕ್ಲಿಯರ್ ಇದೆ.

ಬೆಂಗಳೂರಿನ ಡಾಕ್ಟರು ಪೆರೋಟಿಡ್ ಗ್ರಂಥಿ ಪೂರ್ತಿ ತೆಗೆಯಬೇಕು, ಕತ್ತಿನ ಗಂಟುಗಳನ್ನೂ ತೆಗೆಯಬೇಕು, ಮುಖದ ನರ ಹೋಗಬಹುದು, ಆಮೇಲೆ ರೇಡಿಯೇಷನ್ ಇರುತ್ತದೆ ಅಂದಿದ್ದಾರೆ. ಅಪ್ಪನಿಗೆ ಬಿಪಿ ಇದೆ, ಕೆಲವು ವರ್ಷದ ಹಿಂದೆ ಹಾರ್ಟಿಗೆ ಸ್ಟೆಂಟ್ ಹಾಕಿದ್ದಾರೆ. ಅಷ್ಟಿದ್ದರೂ ದಿನಾ ಬೆಳಗ್ಗೆ ತೋಟಕ್ಕೆ ಹೋಗುತ್ತಾರೆ, ಸಂಜೆ ಲೆಕ್ಕದ ಪುಸ್ತಕ ತಾವೇ ಬರೆಯುತ್ತಾರೆ.

ದೊಡ್ಡಪ್ಪ ಹೇಳೋದು, "ಎಂಬತ್ತರ ಹತ್ತಿರ ಇರೋನಿಗೆ ಯಾಕಮ್ಮ ಕೊಯ್ಸೋದು, ಇರೋಷ್ಟು ದಿನ ನೆಮ್ಮದಿಯಾಗಿರಲಿ." ಅಮೆರಿಕದಲ್ಲಿರುವ ತಮ್ಮ ನಾಳೆಯೇ ಮಾಡಿಸಿ ಅಂತಾನೆ. ನನಗೆ ರಾತ್ರಿ ನಿದ್ದೆ ಇಲ್ಲ. ಅಪ್ಪನಿಗೆ ಕ್ಯಾನ್ಸರ್ ಅನ್ನೋದು ಇನ್ನೂ ಹೇಳಿಲ್ಲ.

ಕತ್ತುಗಂಟಲು

ನಾನು ತಲೆ-ಕತ್ತಿನ ಕ್ಯಾನ್ಸರ್ ಸರ್ಜನ್. ರೋಗಿಯನ್ನು ನೋಡದೆ ಮಾಡಿಸಿ, ಬಿಡಿ ಅಂತ ಹೇಳಲಾರೆ. ಆದರೆ ನಿಮ್ಮ ಡಾಕ್ಟರು ಯಾಕೆ ಹಾಗೆ ಹೇಳಿದರು ಅಂತ ವಿವರಿಸಬಲ್ಲೆ.

ಮಂಗನಬಾವು ಬಂದಾಗ ಊದಿಕೊಳ್ಳುತ್ತದಲ್ಲ, ಅದೇ ಪೆರೋಟಿಡ್. ಜೊಲ್ಲು ಮಾಡುವ ಗ್ರಂಥಿಗಳಲ್ಲಿ ದೊಡ್ಡದು. ಇಲ್ಲಿ ಬರುವ ಗಡ್ಡೆಗಳಲ್ಲಿ ನೂರಕ್ಕೆ ಎಂಬತ್ತರ ಹತ್ತಿರ ಸಾದಾ ಗಡ್ಡೆಗಳೇ. ಆದರೆ ಸಾದಾ ಗಡ್ಡೆ ಹತ್ತಾರು ವರ್ಷ ಹಾಗೇ ಉಳಿದರೆ ಕೆಲವರಲ್ಲಿ ಅದರೊಳಗೇ ಕ್ಯಾನ್ಸರ್ ಹುಟ್ಟುತ್ತದೆ. ಸುಮ್ಮನಿದ್ದ ಗಂಟು ಇದ್ದಕ್ಕಿದ್ದಂತೆ ಬೆಳೆದಿದೆ ಅಂದರೆ ನಮಗೆ ಮೊದಲು ಬರುವ ಅನುಮಾನ ಅದು.

ಇನ್ನೊಂದು ಮಾತು, ಇದನ್ನು ಓದುವ ಎಲ್ಲರಿಗೂ. ಮುಖದ ನರ ಈ ಗ್ರಂಥಿಯ ಒಳಗೇ ಹಾದು ಐದು ಕವಲಾಗಿ ಹಣೆ, ಕಣ್ಣು, ಕೆನ್ನೆ, ತುಟಿ, ಕತ್ತಿಗೆ ಹೋಗುತ್ತದೆ. ಸಾದಾ ಗಡ್ಡೆ ಎಷ್ಟೇ ದೊಡ್ಡದಾದರೂ ಸಾಮಾನ್ಯವಾಗಿ ನರವನ್ನು ಪಕ್ಕಕ್ಕೆ ತಳ್ಳುತ್ತದೆ ಅಷ್ಟೇ. ಕ್ಯಾನ್ಸರ್ ನರದೊಳಕ್ಕೆ ನುಗ್ಗುತ್ತದೆ. ಹಾಗಾಗಿ ಕಿವಿ ಹತ್ತಿರ ಗಂಟಿದ್ದು ಅದೇ ಕಡೆ ಬಾಯಿ ಸೊಟ್ಟ ಆದರೆ ಲಕ್ವ ಅಂತ ಕಾಯಬೇಡಿ.

ಗಡ್ಡೆ ಎಷ್ಟು ಹಬ್ಬಿದೆ ಅನ್ನುವುದಕ್ಕೆ ರಿಪೋರ್ಟಿನಲ್ಲಿ ಒಂದು ಗುರುತು ಹಾಕುತ್ತಾರೆ. ನರ ಸೋತಿದ್ದರೆ ಅದನ್ನು ಟಿ4ಎ ಅಂತ ಬರೆಯುತ್ತಾರೆ, ಒಟ್ಟು ಹಂತ ನಾಲ್ಕು-ಎ ಆಗುತ್ತದೆ. ರಿಪೋರ್ಟಿನಲ್ಲಿ "ನಾಲ್ಕು" ನೋಡಿ ಕುಸಿದುಬೀಳಬೇಡಿ. ಲಾಲಾರಸ ಗ್ರಂಥಿಯಲ್ಲಿ ನಾಲ್ಕು-ಎ ಅಂದರೆ ಗಡ್ಡೆ ಅಕ್ಕಪಕ್ಕ ಹಬ್ಬಿದೆ, ಆದರೆ ದೂರದ ಅಂಗಕ್ಕೆ ಹೋಗಿಲ್ಲ. ಸಾಮಾನ್ಯವಾಗಿ ಇನ್ನೂ ತೆಗೆಯುವ ಸ್ಥಿತಿಯಲ್ಲೇ ಇರುತ್ತದೆ. ವಾಸಿ ಮಾಡುವ ಉದ್ದೇಶ ಇದ್ದರೆ ಮೊದಲ ದಾರಿ ಆಪರೇಷನ್ನೇ. ಬರೀ ಕೀಮೋದಿಂದ ಈ ಕ್ಯಾನ್ಸರ್ ವಾಸಿಯಾಗುವುದಿಲ್ಲ.

ವಯಸ್ಸಿನ ವಿಚಾರಕ್ಕೆ ಬಂದರೆ, ಇದು ಹೊಟ್ಟೆ ಅಥವಾ ಎದೆ ತೆರೆಯುವ ಆಪರೇಷನ್ ಅಲ್ಲ. ಅನ್ನನಾಳ, ಗಂಟಲು ಮುಟ್ಟುವುದಿಲ್ಲ. ಸಾಮಾನ್ಯವಾಗಿ ಮರುದಿನವೇ ಬಾಯಿಂದ ಊಟ ಮಾಡುತ್ತಾರೆ, ಎದ್ದು ಓಡಾಡುತ್ತಾರೆ. ಬಾಯಿ ಕ್ಯಾನ್ಸರಿಗೆ ದವಡೆ ತೆಗೆದು ಕಟ್ಟುವ ದೊಡ್ಡ ಆಪರೇಷನ್ನಿಗೆ ಹೋಲಿಸಿದರೆ ವಯಸ್ಸಾದವರ ದೇಹ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ಹುಬ್ಬಳ್ಳಿಮಂದಿ

ಅಕ್ಕಾ, ನಿಮ್ಮ ದೊಡ್ಡಪ್ಪ ಹೇಳಿದ್ದನ್ನು ಪೂರ್ತಿ ತಳ್ಳಿಹಾಕಬೇಡ್ರಿ. ನಮ್ಮ ಅಜ್ಜಿಗೆ 88 ಇತ್ತು. ಅದೇ ಜಾಗ, ಅದೇ ಕ್ಯಾನ್ಸರ್. ಹಾರ್ಟ್ ಪಂಪಿಂಗ್ ಬಹಳ ಕಡಿಮೆ. ಹಾಸಿಗೆಯಿಂದ ಏಳಲು ಇಬ್ಬರು ಹಿಡಿಯಬೇಕಿತ್ತು. ಆಪರೇಷನ್ ಮಾಡಿಸಲಿಲ್ಲ. ನೋವು ಕಡಿಮೆ ಆಗಲಿ ಅಂತ ಕೆಲವೇ ದಿನದ ರೇಡಿಯೇಷನ್ ಕೊಡಿಸಿದೆವು, ಗಂಟು ಸ್ವಲ್ಪ ಕುಗ್ಗಿತು. ಮಾರ್ಫಿನ್ ಮಾತ್ರೆ ಕೊಟ್ಟರು. ಸಂಬಂಧಿಕರು ಅದು ಚಟ ಹಿಡಿಸುತ್ತದೆ ಅಂತ ಹೆದರಿಸಿದರು. ಏನೂ ಆಗಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅಜ್ಜಿ ಮಲಗಿ ನಿದ್ದೆ ಮಾಡಿದರು ಅಂದರೆ ಅದು ಆ ಮಾತ್ರೆಯಿಂದ. ಮನೆಯಲ್ಲೇ, ಮೊಮ್ಮಕ್ಕಳ ನಡುವೆ ಹೋದರು. ಆ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಸಮಾಧಾನ ಇದೆ.

ಶರಾವತಿತೀರ

ಹುಬ್ಬಳ್ಳಿಯವರೇ, ನಿಮ್ಮ ಅಜ್ಜಿಗೆ ನೀವು ಮಾಡಿದ್ದು ಸರಿ. ಆದರೆ ಇವರ ಅಪ್ಪ ತೋಟಕ್ಕೆ ನಡೆದು ಹೋಗುವ ಮನುಷ್ಯ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ನನ್ನ ಅಮ್ಮನಿಗೆ 81ರಲ್ಲಿ ಆಪರೇಷನ್ ಆಯಿತು. ಇವರ ಹಾಗೆ ಜೋರಿನದಲ್ಲ, ಲೋ ಗ್ರೇಡ್ ಮ್ಯೂಕೋಎಪಿಡರ್ಮಾಯ್ಡ್ ಅಂತ. ನರ ಉಳಿಯಿತು. ಮೊದಲ ಕೆಲವು ವಾರ ಒಂದು ಕಡೆ ಹುಬ್ಬು ಮೇಲೇಳುತ್ತಿರಲಿಲ್ಲ, ಆಮೇಲೆ ತಾನಾಗಿ ಸರಿಹೋಯಿತು. ತೆಗೆದ ತುಂಡಿನ ಅಂಚಲ್ಲೆಲ್ಲೂ ಕ್ಯಾನ್ಸರ್ ಕಾಣದೆ ಕ್ಲಿಯರ್ ಬಂದಿದ್ದರಿಂದ ರೇಡಿಯೇಷನ್ ಬೇಡ ಅಂದರು.

ಕಿವಿಯ ಹಾಲೆ ಈಗಲೂ ಮರಗಟ್ಟಿದೆ. ಓಲೆ ಹಾಕಿಕೊಳ್ಳುವಾಗ ಕನ್ನಡಿ ಬೇಕು, ಚುಚ್ಚಿದ್ದು ಗೊತ್ತಾಗುವುದಿಲ್ಲ. ಇನ್ನೊಂದು ವಿಚಿತ್ರ, ಅಪ್ಪೆಮಿಡಿ ಉಪ್ಪಿನಕಾಯಿ ನೆಕ್ಕಿದರೆ ಸಾಕು, ಆ ಕೆನ್ನೆ ಬೆವರುತ್ತದೆ! ಮೊದಲ ಸಲ ನೋಡಿ ಮನೆಯವರೆಲ್ಲ ಗಾಬರಿಯಾದೆವು. ಇದನ್ನು ಮೊದಲೇ ಹೇಳಿದ್ದರೆ ಚೆನ್ನಾಗಿತ್ತು.

ಕತ್ತುಗಂಟಲು

ಅದು ಫ್ರೇ ಸಿಂಡ್ರೋಮ್. ಪೋಲೆಂಡಿನ ನರತಜ್ಞೆ ಲೂಸಿಯಾ ಫ್ರೇ 1923ರಲ್ಲಿ ವಿವರಿಸಿದ್ದು. ಜೊಲ್ಲು ಗ್ರಂಥಿಗೆ ಹೋಗುತ್ತಿದ್ದ ಸಣ್ಣ ನರದ ಎಳೆಗಳು ಗ್ರಂಥಿ ಇಲ್ಲದ ಮೇಲೆ ದಾರಿ ತಪ್ಪಿ ಚರ್ಮದ ಬೆವರು ಗ್ರಂಥಿಗೆ ಸೇರಿಕೊಳ್ಳುತ್ತವೆ. ಹುಳಿ ಕಂಡರೆ ಜೊಲ್ಲಿನ ಬದಲು ಬೆವರು. ಅಪಾಯ ಏನಿಲ್ಲ. ತುಂಬಾ ಮುಜುಗರವಾದರೆ ಬೊಟಾಕ್ಸ್ ಇಂಜೆಕ್ಷನ್ನಿಂದ ಕಡಿಮೆ ಮಾಡಬಹುದು.

ಅರಿವಳಿಕೆ

ನಾನು ಅನಸ್ತೇಷಿಯಾ ಡಾಕ್ಟರ್. "ಈ ವಯಸ್ಸಲ್ಲಾ?" ಅನ್ನುವ ಪ್ರಶ್ನೆ ಕೊನೆಗೆ ನಮ್ಮ ಟೇಬಲ್ಲಿಗೇ ಬರುತ್ತದೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆಧಾರ್ ಕಾರ್ಡಿನ ವಯಸ್ಸು ನಮಗೆ ಅರ್ಧ ಮಾತ್ರ ಹೇಳುತ್ತದೆ. 70 ದಾಟಿದ ಕ್ಯಾನ್ಸರ್ ರೋಗಿಗಳಿಗೆ ಜಿ8 ಅಂತ ಒಂದು ಸಣ್ಣ ಪ್ರಶ್ನಾವಳಿ ಇದೆ. ಊಟ ಕಡಿಮೆ ಆಗಿದೆಯಾ, ತೂಕ ಇಳಿದಿದೆಯಾ, ತಾವೇ ಓಡಾಡುತ್ತಾರಾ, ಮರೆವು ಇದೆಯಾ, ಎಷ್ಟು ಮಾತ್ರೆ ನುಂಗುತ್ತಾರೆ, ತಮ್ಮ ಆರೋಗ್ಯ ಹೇಗಿದೆ ಅಂತ ಅವರಿಗೇ ಅನ್ನಿಸುತ್ತದೆ, ಇಂಥವು. 17ಕ್ಕೆ 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ವೃದ್ಧರ ತಜ್ಞರಿಂದ ಪೂರ್ತಿ ತಪಾಸಣೆ ಮಾಡಿಸಬೇಕು. ಇನ್ನೊಂದು 1ರಿಂದ 9ರವರೆಗಿನ ಫ್ರೇಲ್ಟಿ ಸ್ಕೇಲ್. ದೇಹ ಎಷ್ಟು ಗಟ್ಟಿ, ಎಷ್ಟು ಸೊರಗಿದೆ ಅಂತ ಅಳೆಯಲು. ಹುಬ್ಬಳ್ಳಿಯವರ ಅಜ್ಜಿ ಅದರಲ್ಲಿ ಕೊನೆಯ ಕಡೆ ಇದ್ದರು. ಈ ಅಪ್ಪ ಮೊದಲರ್ಧದಲ್ಲಿ ಇರಬಹುದು. ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾರಾ ನೋಡಿ. ಅದು ನಮಗೆ ಬಹಳ ಹೇಳುತ್ತದೆ.

ಸ್ಟೆಂಟ್ ಇರುವುದರಿಂದ ರಕ್ತ ತೆಳು ಮಾಡುವ ಮಾತ್ರೆಗಳ ಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಕ್ಲೋಪಿಡೋಗ್ರೆಲ್ ಇದ್ದರೆ ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸುತ್ತೇವೆ, ಆಸ್ಪಿರಿನ್ ಎಷ್ಟೋ ಸಲ ಮುಂದುವರಿಸುತ್ತೇವೆ. ಆದರೆ ಹಾರ್ಟ್ ಡಾಕ್ಟರನ್ನು ಕೇಳದೆ ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

ಮನೆಯವರು ಅಂದುಕೊಂಡಿರದ ತೊಂದರೆ ಒಂದಿದೆ, ಡೆಲಿರಿಯಂ. ಆಪರೇಷನ್ ಆದ ರಾತ್ರಿ ವಯಸ್ಸಾದವರು ಕನವರಿಸುತ್ತಾರೆ, ಡ್ರಿಪ್ ಕೀಳುತ್ತಾರೆ, ಮಗಳನ್ನೇ ಯಾರು ನೀನು ಅನ್ನುತ್ತಾರೆ. ಬಹುಪಾಲು ಕೆಲವು ದಿನದಲ್ಲಿ ಇಳಿಯುತ್ತದೆ. ಕನ್ನಡಕ, ಕಿವಿ ಮಶೀನು, ಹಲ್ಲಿನ ಸೆಟ್ಟು ಎಚ್ಚರವಾದ ಕೂಡಲೇ ವಾಪಸ್ ಕೊಡಿಸಿ. ಪರಿಚಯದ ಮುಖ ಪಕ್ಕದಲ್ಲಿರಲಿ. ರಾತ್ರಿ ದೀಪ ಆರಿಸಿ ಮಲಗಲು ಬಿಡಿ, ಹಗಲು ಎಬ್ಬಿಸಿ ಕೂರಿಸಿ. ಈ ಸಣ್ಣ ಕೆಲಸಗಳು ಔಷಧಿಗಿಂತ ಜಾಸ್ತಿ ಸಹಾಯ ಮಾಡುತ್ತವೆ. ಬೀಡಿ ಸಿಗರೇಟ್ ಇದ್ದರೆ ಇವತ್ತೇ ನಿಲ್ಲಿಸಿ. ಮೊಟ್ಟೆ, ಬೇಳೆ, ಹಾಲು ಈಗಿನಿಂದಲೇ ಹೆಚ್ಚಿಸಿ.

ಹುಬ್ಬಳ್ಳಿಮಂದಿ

ಡಾಕ್ಟ್ರೇ, ಒಪ್ಪಿದೆ. ಆದರೆ ಒಂದು ಪ್ರಶ್ನೆ. ವಯಸ್ಸಾದವರು ಆಪರೇಷನ್ ಮಾಡಿಸಿದರೆ ಹೆಚ್ಚು ದಿನ ಬದುಕುತ್ತಾರೆ ಅಂತ ಎಲ್ಲ ಕಡೆ ಬರೆಯುತ್ತಾರೆ. ಗಟ್ಟಿ ಇದ್ದವರನ್ನೇ ಆರಿಸಿ ಆಪರೇಷನ್ ಮಾಡಿದರೆ ಅವರು ಹೇಗೂ ಹೆಚ್ಚು ಬದುಕುತ್ತಾರಲ್ರೀ?

ಕತ್ತುಗಂಟಲು

ನೀವು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಇದು ಅಪರೂಪದ ಕ್ಯಾನ್ಸರ್, ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರ ಆಸುಪಾಸು. ಅದರಲ್ಲೂ ಇಪ್ಪತ್ತಕ್ಕಿಂತ ಹೆಚ್ಚು ಜಾತಿ. ಹಾಗಾಗಿ ವೃದ್ಧರನ್ನು ಎರಡು ಗುಂಪು ಮಾಡಿ ಒಂದಕ್ಕೆ ಆಪರೇಷನ್, ಇನ್ನೊಂದಕ್ಕೆ ಬೇಡ ಅಂತ ಹೋಲಿಸಿ ನೋಡುವುದು ಆಗುವ ಮಾತಲ್ಲ. ನಮ್ಮ ಕೈಯಲ್ಲಿರುವುದು ಹಳೇ ಕೇಸ್ ಶೀಟುಗಳನ್ನು ಕೂಡಿಸಿ ನೋಡಿದ ಲೆಕ್ಕಗಳು. ಅದರಲ್ಲಿ ನೀವು ಹೇಳಿದ ದೋಷ ಇದ್ದೇ ಇರುತ್ತದೆ.

ಆ ಲೆಕ್ಕಗಳನ್ನು ಓದುವಾಗ ಇನ್ನೊಂದನ್ನೂ ಬಿಡಿಸಿ ನೋಡಬೇಕು. ವಯಸ್ಸಾದವರ ಒಟ್ಟು ಬದುಕುಳಿಯುವಿಕೆ ಕಡಿಮೆ ಅಂತ ಬರುತ್ತದೆ. ಅದರಲ್ಲಿ ಹಾರ್ಟ್, ಕಿಡ್ನಿ, ನ್ಯುಮೋನಿಯಾದಿಂದ ಹೋದವರೂ ಸೇರಿರುತ್ತಾರೆ. ಜೊತೆಗೆ ವಯಸ್ಸಾದವರಲ್ಲಿ ಹೈ ಗ್ರೇಡ್ ಗಡ್ಡೆಗಳೇ ಜಾಸ್ತಿ, ಆಸ್ಪತ್ರೆಗೆ ಬರುವುದೂ ತಡ. ಇವನ್ನೆಲ್ಲ ಪಕ್ಕಕ್ಕಿಟ್ಟು ಈ ಕ್ಯಾನ್ಸರಿನಿಂದಲೇ ಎಷ್ಟು ಜನ ಹೋದರು ಅಂತ ನೋಡಿದರೆ ಕಿರಿಯರಿಗೂ ಹಿರಿಯರಿಗೂ ಇರುವ ಅಂತರ ಸಣ್ಣದಾಗುತ್ತದೆ.

ಆದರೆ ಒಂದನ್ನು ಖಚಿತವಾಗಿ ಹೇಳುತ್ತೇನೆ. ಹೈ ಗ್ರೇಡ್ ಗಡ್ಡೆಯನ್ನು ಹಾಗೇ ಬಿಟ್ಟರೆ "ನೆಮ್ಮದಿಯಾಗಿ ಇರಲಿ" ಅನ್ನುವುದು ನಡೆಯುವುದಿಲ್ಲ. ಅದು ಚರ್ಮ ಒಡೆದು ಹೊರಬರುತ್ತದೆ, ಕೊಳೆಯುತ್ತದೆ, ರಕ್ತ ಸೋರುತ್ತದೆ. ದವಡೆ ಬಿಗಿದು ಬಾಯಿ ತೆರೆಯಲು ಆಗುವುದಿಲ್ಲ. ಅದನ್ನು ನೋಡಿದ ಯಾರೂ ವಯಸ್ಸಾಯಿತು, ಸುಮ್ನೆ ಬಿಡಿ ಅಂತ ಸಲೀಸಾಗಿ ಹೇಳಲಾರರು. ಆಪರೇಷನ್ ತಡೆದುಕೊಳ್ಳುವ ದೇಹ ಇದ್ದರೆ, ಆಯುಷ್ಯ ಎಷ್ಟು ಹೆಚ್ಚುತ್ತದೆ ಅನ್ನುವುದು ಒಂದು ಕಡೆ ಇರಲಿ, ಈ ಪಾಡು ತಪ್ಪಿಸಲಿಕ್ಕಾದರೂ ಗಡ್ಡೆ ತೆಗೆಯಬೇಕಾಗುತ್ತದೆ.

ಗಾಜಿನಪಟ್ಟಿ

ಪೆಥಾಲಜಿಯವಳು ನಾನು. ಸೂಜಿ ಟೆಸ್ಟಿನಲ್ಲಿ "ಹೈ ಗ್ರೇಡ್" ಅಂತ ತಿಳಿಯುತ್ತದೆ, ಯಾವ ಜಾತಿ ಅಂತ ಎಷ್ಟೋ ಸಲ ತಿಳಿಯುವುದಿಲ್ಲ. ವಯಸ್ಸಾದವರ ವಿಷಯದಲ್ಲಿ ಜಾತಿ ಮುಖ್ಯ.

ಅಡಿನಾಯ್ಡ್ ಸಿಸ್ಟಿಕ್ ಅಂತ ಒಂದಿದೆ. ನಿಧಾನ, ಆದರೆ ಹಠಮಾರಿ. ನರದ ಜಾಡು ಹಿಡಿದು ಹೋಗುತ್ತದೆ, ಹತ್ತು ಹದಿನೈದು ವರ್ಷದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. 40ರ ವಯಸ್ಸಿನವರಿಗೆ ಅದು ದೊಡ್ಡ ಚಿಂತೆ, 85 ದಾಟಿ ಸೊರಗಿದವರಿಗೆ ಲೆಕ್ಕವೇ ಬೇರೆ. ಸ್ಯಾಲಿವರಿ ಡಕ್ಟ್ ಕಾರ್ಸಿನೋಮ, ಅಂದರೆ ಜೊಲ್ಲಿನ ನಾಳದ ಕ್ಯಾನ್ಸರ್, ಇದರ ತದ್ವಿರುದ್ಧ. ವಯಸ್ಸಾದ ಗಂಡಸರಲ್ಲೇ ಹೆಚ್ಚು, ತಿಂಗಳುಗಳಲ್ಲಿ ಬೆಳೆಯುತ್ತದೆ, ಬೇಗ ಕತ್ತಿಗಿಳಿಯುತ್ತದೆ. ಅಪ್ಪನ ಕಥೆ ಕೇಳಿದರೆ ನನಗೆ ಅದರ ಅನುಮಾನ.

ಆಪರೇಷನ್ ಆದ ಮೇಲೆ ಗಡ್ಡೆಯ ಮೇಲೆ ಆಂಡ್ರೊಜೆನ್ ರಿಸೆಪ್ಟರ್ (ಗಂಡು ಹಾರ್ಮೋನು ಹಿಡಿಯುವ ಪ್ರೋಟೀನ್) ಮತ್ತು ಹರ್2 (ಕ್ಯಾನ್ಸರ್ ಬೆಳೆಸುವ ಇನ್ನೊಂದು ಪ್ರೋಟೀನ್) ಟೆಸ್ಟ್ ಮಾಡುತ್ತಾರಾ ಅಂತ ಕೇಳಿ. ಮುಂದೆಂದಾದರೂ ಕಾಯಿಲೆ ಹರಡಿದರೆ ಪ್ರಾಸ್ಟೇಟ್ ಕ್ಯಾನ್ಸರಿಗೆ ಕೊಡುವ ಹಾರ್ಮೋನ್ ಔಷಧಿಯೋ, ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬೋ ಕೆಲಸ ಮಾಡಬಹುದು. ಇವೆರಡನ್ನೂ ವಯಸ್ಸಾದವರು ಕೀಮೋಗಿಂತ ಸುಲಭವಾಗಿ ತಡೆದುಕೊಳ್ಳುತ್ತಾರೆ. ಟ್ರಾಸ್ಟುಜುಮ್ಯಾಬನ್ನು ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಕ್ಯಾನ್‌ಮ್ಯಾಬ್ ಹೆಸರಲ್ಲಿ ಮಾರುಕಟ್ಟೆಗೆ ತಂದಿತು.

ಸೂಜಿ ಚುಚ್ಚಿದ್ದಕ್ಕೇ ಕ್ಯಾನ್ಸರ್ ಹರಡಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಷ್ಟು ತೆಳು ಸೂಜಿಯಿಂದ ಹರಡುವುದು ಅತಿ ಅಪರೂಪ.

ಶರಾವತಿತೀರ

ಎಲ್ಲರೂ ಗಡ್ಡೆ ಬಗ್ಗೆ ಮಾತಾಡುತ್ತಿದ್ದೇವೆ. ತೆಂಗಿನಸೀಮೆಯವರೇ, ಅಪ್ಪನನ್ನು ಕೇಳಿದಿರಾ? ಲೆಕ್ಕದ ಪುಸ್ತಕ ತಾವೇ ಬರೆಯುವ ಮನುಷ್ಯನ ಮುಖದ ಬಗ್ಗೆ ದೊಡ್ಡಪ್ಪ, ತಮ್ಮ, ನೀವು, ನಾವು ಎಲ್ಲ ತೀರ್ಮಾನ ಮಾಡುತ್ತಿದ್ದೇವೆ. ಹೇಳಿದರೆ ಎದೆ ಒಡೆದುಹೋಗುತ್ತದೆ ಅಂತ ನಾವೂ ಅಮ್ಮನಿಗೆ ಹೇಳಿರಲಿಲ್ಲ. ಅಡ್ಮಿಟ್ ಆಗುವ ಹಿಂದಿನ ದಿನ ಡಾಕ್ಟರೇ ನಮ್ಮನ್ನು ಹೊರಗೆ ಕಳಿಸಿ ಅಮ್ಮನ ಜೊತೆ ಕೂತು ಮಾತಾಡಿದರು. ಆಮೇಲೆ ಅಮ್ಮನ ಮುಖದಲ್ಲಿ ಹೆದರಿಕೆ ಕಡಿಮೆಯಾಗಿತ್ತೇ ಹೊರತು ಜಾಸ್ತಿ ಆಗಿರಲಿಲ್ಲ.

ತೆಂಗಿನಸೀಮೆ

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ಅಪ್ಪನ ಹತ್ತಿರ ಮಾತಾಡಿದೆ. ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಅಳದೆ ಹೇಳಬೇಕು ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು, "ನೀವೆಲ್ಲ ಡಾಕ್ಟರ ರೂಮಿಗೆ ಹೋಗಿ ನನ್ನನ್ನ ಹೊರಗೆ ಕೂರಿಸ್ದಾಗ್ಲೇ ಗೊತ್ತಾಯ್ತು ಕಣಮ್ಮ" ಅಂದರು.

ಆಮೇಲೆ ಎರಡೇ ಪ್ರಶ್ನೆ ಕೇಳಿದರು. ಕಣ್ಣು ಮುಚ್ಚಕ್ಕಾಗಲ್ಲ ಅಂದ್ರೆ ತೋಟಕ್ಕೆ ಹೋಗಬಹುದಾ? ಗಂಟು ಹಾಗೇ ಬಿಟ್ರೆ ವಾಸನೆ ಬರುತ್ತಾ? ಎರಡನೆಯದಕ್ಕೆ ಕತ್ತುಗಂಟಲು ಸರ್ ಬರೆದಿದ್ದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತೆಗೆಸಿಬಿಡಾಣ" ಅಂದರು. ದೊಡ್ಡಪ್ಪನಿಗೂ ಅವರೇ ಫೋನ್ ಮಾಡಿ ಹೇಳಿದರು.

ಕಣ್ಣಿನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಯಾರಾದರೂ ಹೇಳ್ತೀರಾ?

ಕಡಲಬದಿ

ಫಿಸಿಯೋಥೆರಪಿಸ್ಟ್, ಮಂಗಳೂರು. ಕಣ್ಣಿನ ಬಗ್ಗೆ ಅವರು ಕೇಳಿದ್ದು ಒಳ್ಳೆಯದಾಯಿತು. ಇದನ್ನು ಎಷ್ಟೋ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಕಣ್ಣಿನ ಕವಲು ಹೋದರೆ ರೆಪ್ಪೆ ಪೂರ್ತಿ ಮುಚ್ಚುವುದಿಲ್ಲ. ಕಣ್ಣು ಒಣಗಿ ಕಪ್ಪುಗುಡ್ಡೆಯ ಮೇಲೆ ಹುಣ್ಣಾಗಬಹುದು. ಹಗಲು ಹೊತ್ತು ಗಂಟೆ ಎರಡು ಗಂಟೆಗೊಮ್ಮೆ ಕಣ್ಣೀರಿನ ಹನಿ ಹಾಕಿ. ರಾತ್ರಿ ಮುಲಾಮು ಹಚ್ಚಿ, ರೆಪ್ಪೆಯನ್ನು ಬೆರಳಿನಿಂದ ಪೂರ್ತಿ ಮುಚ್ಚಿ ಆಮೇಲೆ ಮೈಕ್ರೋಪೋರ್ ಟೇಪ್ ಅಂಟಿಸಿ. ಕಣ್ಣು ತೆರೆದಿರುವಾಗ ಅದರ ಮೇಲೆ ಹತ್ತಿ ಪಟ್ಟಿ ಇಡಬೇಡಿ, ಉಜ್ಜಿ ಗಾಯ ಮಾಡುತ್ತದೆ. ತೋಟಕ್ಕೆ ಖಂಡಿತ ಹೋಗಬಹುದು, ಪಕ್ಕದಿಂದಲೂ ಗಾಳಿ ಧೂಳು ತಡೆಯುವ ಕನ್ನಡಕ ಹಾಕಿಕೊಂಡು. ಕಣ್ಣು ಕೆಂಪಾದರೆ ಅಥವಾ ಮಂಜಾದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ.

ತುಂಬಾ ದಿನ ಹಾಗೇ ಉಳಿಯುತ್ತದೆ ಅಂತ ಗೊತ್ತಾದರೆ ಮೇಲಿನ ರೆಪ್ಪೆಯೊಳಗೆ ಒಂದು ಗ್ರಾಂ ಆಸುಪಾಸಿನ ಚಿನ್ನದ ಅಥವಾ ಪ್ಲಾಟಿನಂ ತುಣುಕು ಕೂರಿಸುತ್ತಾರೆ. ಅದರ ತೂಕಕ್ಕೆ ರೆಪ್ಪೆ ಇಳಿಯುತ್ತದೆ. ಚಿಕ್ಕ ಆಪರೇಷನ್.

ನರ ಕತ್ತರಿಸಿದ ಜಾಗಕ್ಕೆ ಕಾಲಿನಿಂದಲೋ ಕತ್ತಿನಿಂದಲೋ ನರದ ತುಂಡು ತೆಗೆದು ಜೋಡಿಸುವುದೂ ಉಂಟು. ಅದು ಚಿಗುರಲು ತಿಂಗಳುಗಟ್ಟಲೆ ಬೇಕು, ವಯಸ್ಸಾದವರಲ್ಲಿ ಇನ್ನೂ ನಿಧಾನ. ಹಾಗಾಗಿ 79ರಲ್ಲಿ ಬೇಗ ಫಲ ಕೊಡುವ ರೆಪ್ಪೆಯ ತುಣುಕು, ತುಟಿ ಎತ್ತಿ ಕಟ್ಟುವಂಥವನ್ನು ಸರ್ಜನ್ನರು ಜೊತೆಗೇ ಮಾಡುವುದುಂಟು. ಮೊದಲೇ ಕೇಳಿ.

ತೆಂಗಿನಸೀಮೆ

ಆಪರೇಷನ್ ಆಯಿತು. ಅಪ್ಪ ಮನೆಗೆ ಬಂದಿದ್ದಾರೆ. ಖರ್ಚಿನ ಬಗ್ಗೆ ಕೆಲವರು ಮೆಸೇಜಿನಲ್ಲಿ ಕೇಳಿದ್ದಿರಿ. ಬಿಪಿಎಲ್ ಕಾರ್ಡ್ ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆಧಾರ್ ಮತ್ತು ರೇಷನ್ ಕಾರ್ಡ್ ಎರಡೂ ತೆಗೆದುಕೊಂಡು ಹೋಗಿ.

ಅರಿವಳಿಕೆ ಮೇಡಂ ಹೇಳಿದ ಹಾಗೇ ಆಯಿತು. ಎರಡನೇ ರಾತ್ರಿ ಅಪ್ಪ ಎದ್ದು ಪಂಪ್‌ಸೆಟ್ ಆಫ್ ಮಾಡಬೇಕು, ಕರೆಂಟ್ ಬಂದಿದೆ ಅಂತ ಹಟ ಹಿಡಿದರು. ನೀವು ಮೊದಲೇ ಬರೆಯದಿದ್ದರೆ ನನಗೆ ಕೈಕಾಲು ಆಡುತ್ತಿರಲಿಲ್ಲ. ಕನ್ನಡಕ ಹಾಕಿಸಿ, ಕೈ ಹಿಡಿದು, ತಮ್ಮ ಹತ್ತಿರ ವಿಡಿಯೋ ಕಾಲ್ ಮಾಡಿಸಿದೆ. ಬೆಳಗಾಗುವ ಹೊತ್ತಿಗೆ ಸರಿಯಾದರು.

ಕೆಳಗಿನ ಕವಲುಗಳು ಗಡ್ಡೆಯೊಳಗೇ ಸಿಕ್ಕಿಕೊಂಡಿದ್ದವಂತೆ, ತೆಗೆದಿದ್ದಾರೆ. ಕಣ್ಣಿನ ಕವಲನ್ನು ಬಿಡಿಸಿ ಉಳಿಸಿದ್ದಾರೆ. ಈಗ ಕಣ್ಣು ಪೂರ್ತಿ ಮುಚ್ಚುತ್ತಿಲ್ಲ, ಆದರೆ ಬರುತ್ತದೆ ಅಂದಿದ್ದಾರೆ. ರಾತ್ರಿ ಟೇಪ್ ಹಾಕುತ್ತಿದ್ದೇವೆ. ರಿಪೋರ್ಟ್ ಗಾಜಿನಪಟ್ಟಿಯವರು ಊಹಿಸಿದ್ದೇ. ಹಳೇ ಸಾದಾ ಗಡ್ಡೆಯೊಳಗೆ ಹುಟ್ಟಿದ ಸ್ಯಾಲಿವರಿ ಡಕ್ಟ್ ಕಾರ್ಸಿನೋಮ. ಆಂಡ್ರೊಜೆನ್ ಪಾಸಿಟಿವ್, ಹರ್2 ಇನ್ನೂ ಬರಬೇಕು. ಕತ್ತಿನ ಗಂಟುಗಳಲ್ಲೂ ಇತ್ತು. ರೇಡಿಯೇಷನ್ ಬೇಕೇ ಬೇಕು ಅಂದಿದ್ದಾರೆ, ಆರು ವಾರಕ್ಕೂ ಮೇಲೆ ನಡೆಯುತ್ತದಂತೆ. ಅಪ್ಪ ತಡೆದುಕೊಳ್ಳುತ್ತಾರಾ? ಅದಕ್ಕೆ ಮೊದಲು ಏನಾದರೂ ತಯಾರಿ ಇದೆಯಾ?

ಕತ್ತುಗಂಟಲು

ಕಣ್ಣಿನ ಕವಲು ಉಳಿದದ್ದು ಕೇಳಿ ತುಂಬಾ ಸಂತೋಷವಾಯಿತು.

ಹೈ ಗ್ರೇಡ್, ನರಕ್ಕೆ ನುಗ್ಗಿದೆ, ಕತ್ತಿಗೆ ಇಳಿದಿದೆ. ಇವುಗಳಲ್ಲಿ ಒಂದಿದ್ದರೂ ರೇಡಿಯೇಷನ್ ಹೇಳುತ್ತೇವೆ, ಅಪ್ಪನಿಗೆ ಮೂರೂ ಇವೆ. ಸೋಮವಾರದಿಂದ ಶುಕ್ರವಾರ ದಿನಕ್ಕೊಂದು, ಒಟ್ಟು 30ರಿಂದ 33 ಸಲ. ಪ್ರತಿ ಸಲ ಟೇಬಲ್ ಮೇಲೆ ಇರುವುದು ಕೆಲವೇ ನಿಮಿಷ. ಒಂದೇ ಕಡೆ ಕೊಡುವುದರಿಂದ ಇನ್ನೊಂದು ಕಡೆಯ ಗ್ರಂಥಿಗಳು ಕೆಲಸ ಮಾಡುತ್ತಿರುತ್ತವೆ, ಬಾಯಿ ಪೂರ್ತಿ ಒಣಗುವುದಿಲ್ಲ. ಕಷ್ಟ ಇರುವುದು ಸುಸ್ತು, ಊಟ ಸೇರದಿರುವುದು, ದಿನಾ ಓಡಾಟ. ನಿಮ್ಮ ಊರಿಂದ ಬೆಂಗಳೂರಿಗೆ ದಿನಾ ಬಂದು ಹೋಗಲು ಈ ವಯಸ್ಸಲ್ಲಿ ಹೋಗಬೇಡಿ. ಆಸ್ಪತ್ರೆ ಹತ್ತಿರ ಧರ್ಮಶಾಲೆಯಲ್ಲೋ ನೆಂಟರ ಮನೆಯಲ್ಲೋ ಉಳಿದುಕೊಳ್ಳಿ. ಮಧ್ಯದಲ್ಲಿ ನಿಲ್ಲಿಸಿದರೆ ಕೊಟ್ಟಿದ್ದರ ಫಲ ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ, ಇಳಿಯುತ್ತಿದ್ದರೆ ಮೊದಲೇ ಹೇಳಿ.

ಆಪರೇಷನ್ ಆದ ದಿನದಿಂದ ಆರರಿಂದ ಎಂಟು ವಾರದೊಳಗೆ ಶುರುವಾಗಬೇಕು. ಅದಕ್ಕೂ ಮೊದಲು ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಅಲುಗಾಡುವ ಹಲ್ಲು, ಹುಳುಕು ಹಲ್ಲು ಇದ್ದರೆ ಈಗಲೇ ಕೀಳಿಸಬೇಕು. ಗಾಯ ಒಣಗಲು ಎರಡು ವಾರವಾದರೂ ಬೇಕು. ರೇಡಿಯೇಷನ್ ಆದ ಮೇಲೆ ಆ ಕಡೆಯ ಹಲ್ಲು ಕಿತ್ತರೆ ದವಡೆ ಮೂಳೆ ಕೊಳೆಯುವ ಅಪಾಯ ಇರುತ್ತದೆ. ಎಷ್ಟು ವರ್ಷ ಕಳೆದರೂ ಈ ಅಪಾಯ ಹೋಗುವುದಿಲ್ಲ. ಎಲೆ ಅಡಿಕೆಯನ್ನೂ ಇವತ್ತಿನಿಂದಲೇ ಬಿಡಿಸಿ. ಹಲ್ಲಿನ ಡಾಕ್ಟರಿಗೆ ಯಾವ ಕಡೆ, ಎಂದಿನಿಂದ ರೇಡಿಯೇಷನ್ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ತೆಂಗಿನಸೀಮೆ

ನಾಳೆ ಬೆಳಗ್ಗೆಯೇ ಕರೆದುಕೊಂಡು ಹೋಗುತ್ತೇನೆ ಸರ್. ಕೆಳಗಡೆ ಎರಡು ಹಲ್ಲು ಅಲ್ಲಾಡುತ್ತಿವೆ. ಎಲೆ ಅಡಿಕೆ ಮಾತ್ರ ನೀವೇ ಬರೆದಿದ್ದೀರಿ ಅಂತ ತೋರಿಸಿ ಬಿಡಿಸಬೇಕು, ನನ್ನ ಮಾತು ಕೇಳುವುದಿಲ್ಲ.